ದೇವರ ಹೆಸರಿನಲ್ಲಿ, ಜನರ ಎದುರಿನಲ್ಲಿ

ಅಮೆರಿಕದ ಸಂಸತ್ತಿನ ಕೆಳಮನೆಗೆ ಆರಿಸಿ ಬಂದವರು ಪ್ರಮಾಣವಚನ ಸ್ವೀಕರಿಸುವಾಗ ಯಾವ ಧರ್ಮಗ್ರಂಥವೂ ಕಡ್ಡಾಯವಲ್ಲ. ಎರಡು ವರ್ಷಕ್ಕೊಮ್ಮೆ ಜನವರಿಯ ಮೊದಲ ದಿನಗಳಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಎದ್ದು ನಿಂತು ಬಲಗೈ ಎತ್ತುತ್ತಾರೆ. ಸ್ಪೀಕರ್ ವಚನ ಓದುತ್ತಾರೆ, ಸದಸ್ಯರು ಒಪ್ಪಿಗೆ ಹೇಳುತ್ತಾರೆ. ಕಾನೂನಿನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ಗ್ರಂಥದ ಮೇಲೆ ಕೈಯಿಟ್ಟು, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸಿಕೊಳ್ಳುವ ಚಿತ್ರ ಬೇರೆಯೇ ಸಮಾರಂಭದ್ದು. ಅಲ್ಲಿ ಯಾವ ಗ್ರಂಥ ಇರಬೇಕು, ಇರಬೇಕೋ ಬೇಡವೋ ಎಂಬುದು ಸದಸ್ಯರ ಇಷ್ಟ.

2025ರ ಜನವರಿ 3ರಂದು ವರ್ಜೀನಿಯಾದ ಸುಹಾಸ್ ಸುಬ್ರಮಣ್ಯಂ ಆರಿಸಿಕೊಂಡದ್ದು ಭಗವದ್ಗೀತೆಯನ್ನು. ಬೆಂಗಳೂರಿನ ನಂಟಿರುವ ವಲಸೆ ಕುಟುಂಬದ ಮಗ ಅವರು. ಹುಟ್ಟಿದ್ದು 1986ರಲ್ಲಿ, ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ. ಕಾನೂನು ಓದಿ ವಕೀಲರಾದರು. ಬರಾಕ್ ಒಬಾಮ ಅಧ್ಯಕ್ಷರಾಗಿದ್ದಾಗ ಶ್ವೇತಭವನದಲ್ಲಿ ತಂತ್ರಜ್ಞಾನ ನೀತಿಯ ಸಲಹೆಗಾರರಾಗಿ ದುಡಿದರು. ಆಮೇಲೆ ವಾಷಿಂಗ್ಟನ್ನಿನ ಪಕ್ಕದ ಲೌಡನ್ ಕೌಂಟಿಯಲ್ಲಿ ನೆಲೆಸಿ, 2019ರ ನವೆಂಬರಿನಲ್ಲಿ ವರ್ಜೀನಿಯಾ ಶಾಸನಸಭೆಯ ಕೆಳಮನೆಗೂ 2023ರಲ್ಲಿ ಅದರ ಸೆನೆಟ್‌ಗೂ 2024ರಲ್ಲಿ ರಾಷ್ಟ್ರದ ಸಂಸತ್ತಿಗೂ ಆಯ್ಕೆಯಾದರು. ರಾಜ್ಯದ ಶಾಸಕರಾಗಿದ್ದಾಗ ಅವರು ಹಿಡಿದ ಕೆಲಸಗಳಲ್ಲಿ ಒಂದು ಡಲ್ಲೆಸ್ ಗ್ರೀನ್‌ವೇ ಎಂಬ ಖಾಸಗಿ ಹೆದ್ದಾರಿಯ ಟೋಲ್ ಏರಿಕೆಗೆ ಕಡಿವಾಣ ಹಾಕುವುದು. ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕರಾಗಿ ತುರ್ತು ಚಿಕಿತ್ಸೆಯ ಕೆಲಸವನ್ನೂ ಮಾಡಿದವರು. ಕರ್ನಾಟಕದ ನಂಟಿನ ಇನ್ನೊಬ್ಬರು, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್, ಮಿಷಿಗನ್ ಶಾಸನಸಭೆಯನ್ನು ದಾಟಿ ಇವರಿಗಿಂತ ಎರಡು ವರ್ಷ ಮೊದಲೇ ಅದೇ ಸಂಸತ್ತನ್ನು ಸೇರಿದ್ದರು.

ಗೀತೆಯ ಮೇಲೆ ಕೈಯಿಟ್ಟ ಸುದ್ದಿ ಇಲ್ಲಿ ಸಂಭ್ರಮ ತಂದಿತು. ಆ ಸಂಭ್ರಮ ಸಹಜ. ಆದರೆ ಅದರ ಬೆನ್ನಿಗೇ ಹಳೆಯದೊಂದು ಪ್ರಶ್ನೆ ಇದೆ, ಮತ್ತು ಅದು ತತ್ತ್ವಶಾಸ್ತ್ರದ ಪ್ರಶ್ನೆ. ಸಂಸತ್ತಿನೊಳಗೆ ಕೈ ಎತ್ತಿದಾಗಲೇ ಪ್ರಮಾಣ ಪೂರ್ತಿಯಾಗಿದ್ದರೆ, ಗೀತೆ ಅದಕ್ಕೆ ಏನನ್ನು ಸೇರಿಸಿತು? ಕೊಟ್ಟ ಮಾತಿಗೆ ತೂಕ ಬರುವುದು ಸಾಕ್ಷಿಯಾಗಿ ಕರೆದ ದೇವರಿಂದಲೋ, ಮಾತು ಕೊಟ್ಟವನ ಅಂತಃಸಾಕ್ಷಿಯಿಂದಲೋ, ಅದನ್ನು ನಂಬಿ ಕೂತ ಜನರಿಂದಲೋ? ಇದನ್ನು ವಾಷಿಂಗ್ಟನ್ನಿನಲ್ಲಿ ಕೇಳುವುದಕ್ಕಿಂತ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ, ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ನಡುವೆ ಕೇಳಿದರೆ ಉತ್ತರ ಹೆಚ್ಚು ಗಟ್ಟಿಯಾಗಿ ಸಿಗುತ್ತದೆ. ಈ ಸೀಮೆ ಎಂಥೆಂಥ ಪ್ರಮಾಣಗಳನ್ನು ಕಂಡಿದೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ವರ್ಜೀನಿಯಾದ ಕಥೆ. ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಗೀತೆಯ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾದದ್ದು 1785ರಲ್ಲಿ. ಮರುವರ್ಷದ ಜನವರಿಯಲ್ಲಿ ವರ್ಜೀನಿಯಾದ ಶಾಸನಸಭೆ ಧಾರ್ಮಿಕ ಸ್ವಾತಂತ್ರ್ಯದ ಶಾಸನವನ್ನು ಅಂಗೀಕರಿಸಿತು. ಕರಡು ಥಾಮಸ್ ಜೆಫರ್ಸನ್ನನದು, ಅದನ್ನು ಸಭೆಯಲ್ಲಿ ದಡ ಮುಟ್ಟಿಸಿದವನು ಜೇಮ್ಸ್ ಮ್ಯಾಡಿಸನ್. ಒಬ್ಬನ ನಂಬಿಕೆ ಅವನ ನಾಗರಿಕ ಹಕ್ಕನ್ನು ಹೆಚ್ಚಿಸಲೂ ಬಾರದು, ಕುಗ್ಗಿಸಲೂ ಬಾರದು ಎಂಬುದು ಅದರ ಸಾರ. ಎಷ್ಟೋ ವರ್ಷಗಳ ನಂತರ ಜೆಫರ್ಸನ್ ತನ್ನ ಆತ್ಮಕಥೆಯಲ್ಲಿ, ಈ ಶಾಸನದ ನೆರಳು ಯೆಹೂದ್ಯರಿಗೆ, ಕ್ರೈಸ್ತರಿಗೆ, ಮುಸ್ಲಿಮರಿಗೆ, ಹಿಂದೂಗಳಿಗೆ, ಯಾವ ನಂಬಿಕೆಯೂ ಇಲ್ಲದವರಿಗೆ ಸಮನಾಗಿ ಸಿಗಬೇಕೆಂಬುದೇ ಉದ್ದೇಶವಾಗಿತ್ತು ಎಂದು ಬರೆದ. ಹಿಂದೂಗಳ ಹೆಸರನ್ನು ಅವನು ಅಲ್ಲಿ ಬಿಡಿಸಿಯೇ ಹೇಳಿದ್ದಾನೆ. ಅದೇ ಮನುಷ್ಯ ತನ್ನ ಜೀವಿತಕಾಲದಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಎಂಬುದನ್ನೂ ಇಲ್ಲೇ ಹೇಳಬೇಕು. ಮಾತು ಎಷ್ಟು ದೊಡ್ಡದಾಗಿದ್ದರೂ ಅದನ್ನು ಯಾರ ಲೆಕ್ಕಕ್ಕೆ ಸೇರಿಸಿಲ್ಲ ಎಂದು ನೋಡದೆ ಹೊಗಳುವುದು ಸರಿಯಲ್ಲ.

ಅಮೆರಿಕದ ಸಂವಿಧಾನದ ಆರನೆಯ ವಿಧಿ ಸಾರ್ವಜನಿಕ ಹುದ್ದೆಗೆ ಧರ್ಮದ ಪರೀಕ್ಷೆ ಇಡಕೂಡದು ಎನ್ನುತ್ತದೆ. ಹಾಗಿದ್ದರೂ ಮಿನ್ನೆಸೋಟದ ಕೀತ್ ಎಲಿಸನ್ 2007ರ ಜನವರಿಯಲ್ಲಿ ಕುರಾನಿನ ಮೇಲೆ ಕೈಯಿಟ್ಟಾಗ ದೊಡ್ಡ ವಿವಾದವೇ ಎದ್ದಿತು. ಆಕ್ಷೇಪ ಎತ್ತಿದವರಲ್ಲಿ ಮುಂದಿದ್ದವರು ವರ್ಜೀನಿಯಾದ್ದೇ ಸಂಸತ್ ಸದಸ್ಯ ವರ್ಜಿಲ್ ಗುಡ್. ಎಲಿಸನ್ ಅಂದು ಬಳಸಿದ ಪ್ರತಿ ಜೆಫರ್ಸನ್ನನ ಪುಸ್ತಕ ಸಂಗ್ರಹದಲ್ಲಿದ್ದ ಕುರಾನ್. ಆರು ವರ್ಷದ ಬಳಿಕ ತುಳಸಿ ಗಬ್ಬಾರ್ಡ್ ಗೀತೆ ಹಿಡಿದಾಗ ಅಷ್ಟು ಗದ್ದಲವಾಗಲಿಲ್ಲ. ಸುಹಾಸ್ ಸರದಿ ಬರುವಷ್ಟರಲ್ಲಿ ದಾರಿ ಸಾಕಷ್ಟು ಸವೆದಿತ್ತು. ಗೀತೆಯ ಚಿತ್ರ ನೋಡಿ ಹಿಗ್ಗುವವರು ಎಲಿಸನ್ನನ ಕುರಾನಿಗೂ ಅದೇ ಗೌರವ ಸಲ್ಲಿಸಬೇಕಾಗುತ್ತದೆ, ಏಕೆಂದರೆ ಎರಡೂ ಪುಸ್ತಕಗಳನ್ನು ಒಳಗೆ ಬಿಟ್ಟದ್ದು ಒಂದೇ ಬಾಗಿಲು.

ಇನ್ನೊಂದು ದಾರಿಯೂ ಅಲ್ಲಿ ಮೊದಲಿನಿಂದ ಇದೆ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಎನ್ನಿ, ಅಲ್ಲವಾದರೆ ಅಲ್ಲ ಎನ್ನಿ ಎಂಬ ಅರ್ಥದ ಬೋಧೆ ಮತ್ತಾಯನ ಸುವಾರ್ತೆಯಲ್ಲಿದೆ. ಕ್ವೇಕರ್ ಪಂಥದವರು ಅದನ್ನು ಅಕ್ಷರಶಃ ಪಾಲಿಸಿ, ಕೋರ್ಟಿನಲ್ಲಿ ಆಣೆ ಇಡಲು ಒಪ್ಪದೆ ಜೈಲು ಸೇರಿದರು. ಆಣೆ ಇಟ್ಟಾಗ ಮಾತ್ರ ನಿಜ ಹೇಳುತ್ತೇನೆ ಎಂದರೆ ಉಳಿದ ಹೊತ್ತು ಸುಳ್ಳು ಹೇಳಬಹುದು ಎಂದಾಗುತ್ತದಲ್ಲವೇ ಎಂಬುದು ಅವರ ವಾದ. ಅದಕ್ಕೆ ಎದುರುತ್ತರ ಕೊಡುವುದು ಇಂದಿಗೂ ಕಷ್ಟ. ಇಂಥವರಿಗೆಂದೇ ಅಮೆರಿಕದ ಸಂವಿಧಾನ ಆಣೆಯ ಜೊತೆಗೆ ದೃಢೀಕರಣದ ದಾರಿಯನ್ನೂ ಇಟ್ಟಿತು. 1853ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದನ್ನು ಬಳಸಿಕೊಂಡ. ವರ್ಜೀನಿಯಾದಿಂದ ಪೊಟೊಮ್ಯಾಕ್ ನದಿ ದಾಟಿದರೆ ಸಿಗುವ ಮೇರಿಲ್ಯಾಂಡಿನಲ್ಲಿ ರಾಯ್ ಟೊರ್ಕಾಸೊ ಎಂಬ ವ್ಯಕ್ತಿಗೆ, ದೇವರಿದ್ದಾನೆ ಎಂದು ಘೋಷಿಸಲು ಒಪ್ಪದ್ದಕ್ಕೆ ನೋಟರಿ ಹುದ್ದೆ ಕೈತಪ್ಪಿತು. 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ಪರ ತೀರ್ಪು ಕೊಟ್ಟಿತು.

ನಮ್ಮಲ್ಲಿ ಗೀತೆ ಮುಟ್ಟಿ ಸಾಕ್ಷಿ ಹೇಳುವುದು ಸಿನಿಮಾದ ಕೋರ್ಟಿನಲ್ಲಿ. ನಿಜವಾದ ಕೋರ್ಟಿನಲ್ಲಿ ಆ ಪದ್ಧತಿ ಇಲ್ಲ. ಹಿಂದೂಗಳು ಗಂಗಾಜಲ ಮುಟ್ಟಿ, ಮುಸ್ಲಿಮರು ಕುರಾನ್ ಮುಟ್ಟಿ ಪ್ರಮಾಣ ಮಾಡುವ ಕ್ರಮವನ್ನು ಕಂಪನಿ ಸರ್ಕಾರ 1840ರ ಕಾಯ್ದೆಯಲ್ಲೇ ಕೈಬಿಟ್ಟು ಬಾಯಿಮಾತಿನ ದೃಢೀಕರಣ ತಂದಿತ್ತು. ಈಗ ಜಾರಿಯಲ್ಲಿರುವುದು 1969ರ ಪ್ರಮಾಣಗಳ ಕಾಯ್ದೆ. ಸಾಕ್ಷಿದಾರ ದೇವರ ಹೆಸರು ಹೇಳಿದರೂ ಸರಿ, ಹೇಳದಿದ್ದರೂ ಸರಿ, ಸುಳ್ಳು ಹೇಳಿದರೆ ಶಿಕ್ಷೆ ಒಂದೇ.

ಸಂವಿಧಾನ ರಚನಾ ಸಭೆಯಲ್ಲಿ ದೇವರ ಪರವಾಗಿ ಗಟ್ಟಿಯಾಗಿ ವಾದಿಸಿದವರಲ್ಲಿ ಒಬ್ಬರು ನಮ್ಮ ನೆಲದವರು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಬಂದ ಕಾಮತ್, 1948ರ ಡಿಸೆಂಬರಿನಲ್ಲಿ ರಾಷ್ಟ್ರಪತಿಯ ಪ್ರಮಾಣದ ಚರ್ಚೆ ಬಂದಾಗ ದೇವರ ಹೆಸರು ಸೇರಲೇಬೇಕೆಂದು ಹಟ ಹಿಡಿದರು. ಮಹಾವೀರ ತ್ಯಾಗಿ ಜೊತೆಗೂಡಿದರು. ಅಂಬೇಡ್ಕರ್ ಅದನ್ನು ತಳ್ಳಿಹಾಕಲಿಲ್ಲ. ಅವರು ಕೊಟ್ಟ ಕಾರಣ ತೂಕವುಳ್ಳದ್ದು. ಕೆಲವು ಹೊಣೆಗಳು ಕೇವಲ ನೈತಿಕವಾದವು, ಅವನ್ನು ಮುರಿದರೆ ಯಾವ ಕೋರ್ಟೂ ಶಿಕ್ಷಿಸಲಾರದು. ನಂಬುವವರ ಪಾಲಿಗೆ ದೇವರೇ ಅಲ್ಲಿ ಅಂಕುಶ ಎಂದರು. ನಂಬದವರಿಗೂ ಜಾಗ ಬೇಕು ಎಂಬುದನ್ನೂ ಸಭೆ ಒಪ್ಪಿತು. ಹಾಗಾಗಿ ಸಂವಿಧಾನದ ಮೂರನೇ ಅನುಸೂಚಿಯ ನಮೂನೆಯಲ್ಲಿ ಇವತ್ತಿಗೂ ಎರಡು ಸಾಲು ಒಂದರ ಕೆಳಗೊಂದು ಇವೆ. ಮೇಲಿನದು ದೇವರ ಹೆಸರಿನಲ್ಲಿ ಪ್ರಮಾಣ, ಕೆಳಗಿನದು ಸತ್ಯನಿಷ್ಠೆಯ ದೃಢೀಕರಣ. ಬೇಕಾದ್ದನ್ನು ಓದಬಹುದು. ಮುಂದಿನ ವಾಕ್ಯ ಇಬ್ಬರಿಗೂ ಒಂದೇ. ಮರುವರ್ಷ, 1949ರ ಅಕ್ಟೋಬರಿನಲ್ಲಿ, ಪ್ರಸ್ತಾವನೆಯೇ ದೇವರ ಹೆಸರಿನಿಂದ ಶುರುವಾಗಲಿ ಎಂದು ಕಾಮತ್ ಕೇಳಿದರು. ಅದನ್ನು ಮತಕ್ಕೆ ಹಾಕಲಾಯಿತು. ಪರ 41, ವಿರುದ್ಧ 68. ಒಬ್ಬನ ಪ್ರಮಾಣದಲ್ಲಿ ಅವನ ದೇವರಿಗೆ ಜಾಗವಿದೆ, ಎಲ್ಲರ ಪ್ರಸ್ತಾವನೆಯಲ್ಲಿ ಒಬ್ಬರ ದೇವರಿಗೆ ಇಲ್ಲ ಎಂದು ಸಭೆ ಗೆರೆ ಎಳೆಯಿತು. ಆ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ.

ಆದರೂ ನಮ್ಮ ಪ್ರಮಾಣವಚನ ಸಮಾರಂಭಗಳಲ್ಲಿ ಮೂರನೆಯ ಸಾಲೊಂದು ತಾನಾಗಿ ಹುಟ್ಟಿಕೊಂಡಿದೆ. ಕೇರಳದ ಶಾಸಕರೊಬ್ಬರು 2001ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು. ಸಂವಿಧಾನ ಹೇಳುವುದು ದೇವರ ಹೆಸರು ಅಥವಾ ದೃಢೀಕರಣ, ಗುರುವಿನ ಹೆಸರಿಗೆ ಅಲ್ಲಿ ಅವಕಾಶವಿಲ್ಲ ಎಂದು 2003ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಮಾತ್ರ ಗುರುಗಳ, ನಾಯಕರ, ಕ್ಷೇತ್ರದ ಜನರ ಹೆಸರು ಹೇಳುವ ರೂಢಿ ನಿಂತಿಲ್ಲ. 2023ರ ಮೇ ತಿಂಗಳಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಡಿ.ಕೆ. ಶಿವಕುಮಾರ್ ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿದ್ದನ್ನು ನಾಡೇ ನೋಡಿತು. ಗುರುಭಕ್ತಿ ಈ ನೆಲದ ಸಹಜ ಭಾವ, ಅದನ್ನು ಹಳಿಯಬೇಕಾಗಿಲ್ಲ. ಕಾನೂನಿನ ತೊಡಕಿಗಿಂತ ಆಳವಾದ ತೊಡಕು ಬೇರೆ ಇದೆ. ಯಾರ ಹೆಸರು ಹೇಳಿದರು ಎಂಬುದೇ ಸುದ್ದಿಯಾಗಿ, ಏನು ಹೇಳಿದರು ಎಂಬುದು ಯಾರ ಕಿವಿಗೂ ಬೀಳದೆ ಹೋಗುತ್ತದೆ. ಮಂತ್ರಿಯ ಪ್ರಮಾಣದಲ್ಲಿ ಭಯವಾಗಲಿ ಪಕ್ಷಪಾತವಾಗಲಿ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಸಲ್ಲಿಸುವ ಮಾತಿದೆ. ಅದು ಎಷ್ಟು ಕಠಿಣವಾದ ವ್ರತ! ಜೈಕಾರದ ನಡುವೆ ಅದು ಕೇಳಿಸುವುದೇ ಇಲ್ಲ.

ಹಾವೇರಿ ಜಿಲ್ಲೆ ಇದರ ಬೆಲೆ ತೆತ್ತಿದೆ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ದೇವರ ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮುಂಗಾರು ಬಿತ್ತನೆಯ ಹೊತ್ತು. ಡಿಎಪಿ ಗೊಬ್ಬರ ಎಲ್ಲೂ ಸಿಗುತ್ತಿರಲಿಲ್ಲ. ಗೊಬ್ಬರವಿಲ್ಲದೆ ಹದ ತಪ್ಪಿದರೆ ವರ್ಷದ ಗತಿ ಏನೆಂಬುದು ಒಕ್ಕಲು ಮಾಡುವವರಿಗೆ ಗೊತ್ತು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಸೇರಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಪ್ರಮಾಣಕ್ಕೂ ಗುಂಡಿಗೂ ನಡುವೆ ಇದ್ದದ್ದು ಹನ್ನೊಂದು ದಿನ. ರೈತರ ಹೆಸರಿನಲ್ಲಿ ಪ್ರಮಾಣ ಮಾಡಿದ್ದು ಸುಳ್ಳು ಮನಸ್ಸಿನಿಂದ ಎಂದು ಯಾರೂ ಹೇಳಬೇಕಾಗಿಲ್ಲ. ಹೆಸರು ಹೇಳಿದ ಮಾತ್ರಕ್ಕೆ ಗೊಬ್ಬರ ಬರಲಿಲ್ಲ, ಗುಂಡು ನಿಲ್ಲಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ಪ್ರತಿ ವರ್ಷ ಜೂನ್ ಹತ್ತರ ಸುತ್ತ ಹಾವೇರಿಯ ರೈತ ಸಂಘಟನೆಗಳು ಸತ್ತವರನ್ನು ನೆನೆಯುತ್ತವೆ. ಪ್ರಮಾಣದ ನೆನಪನ್ನು ನಿಜವಾಗಿ ಉಳಿಸಿಕೊಂಡವರು ಅವರು.

ಸಾಲಪತ್ರಕ್ಕೆ ಊರ ಹಿರಿಯರೊಬ್ಬರು ಸಾಕ್ಷಿ ಹಾಕುತ್ತಾರೆ, ಆದರೆ ಸಾಲ ತೀರಿಸಬೇಕಾದದ್ದು ಆ ಹಿರಿಯರಿಗಲ್ಲ, ಹಣ ಕೊಟ್ಟವರಿಗೆ. ಪ್ರಮಾಣವಚನದಲ್ಲಿ ದೇವರು ಸಾಕ್ಷಿ. ಗುರು, ಗ್ರಂಥ, ಅಂತಃಸಾಕ್ಷಿ ಎಲ್ಲವೂ ಸಾಕ್ಷಿಗಳೇ. ಋಣ ಇರುವುದು ಜನರಿಗೆ. ಈ ಭೇದ ಮರೆತುಹೋದಾಗ ಧರ್ಮಕ್ಕೂ ನಷ್ಟ, ರಾಜಕೀಯಕ್ಕೂ ನಷ್ಟ. ದೇವರಿಗೆ ತಪ್ಪುಕಾಣಿಕೆ ಕಟ್ಟಿ, ಜನರಿಗೆ ಕೊಟ್ಟ ಮಾತಿನಿಂದ ಬಿಡುಗಡೆ ಪಡೆಯಬಹುದು ಎಂಬ ಭ್ರಮೆ ಅಲ್ಲಿಂದ ಹುಟ್ಟುತ್ತದೆ. 2011ರ ಜೂನ್‌ನಲ್ಲಿ ಇಬ್ಬರು ದೊಡ್ಡ ನಾಯಕರು ಭ್ರಷ್ಟಾಚಾರದ ಆರೋಪ ಪ್ರತ್ಯಾರೋಪಗಳ ನಡುವೆ ಧರ್ಮಸ್ಥಳದಲ್ಲಿ ಆಣೆ ಮಾಡಲು ಸವಾಲು ಹಾಕಿಕೊಂಡರು. ಕ್ಷೇತ್ರಕ್ಕೆ ಇಬ್ಬರೂ ಹೋದರು, ಆಣೆ ನಡೆಯಲಿಲ್ಲ. ನಡೆದಿದ್ದರೂ ಅದು ಲೋಕಾಯುಕ್ತಕ್ಕೆ, ಕೋರ್ಟಿಗೆ, ಮತದಾರನಿಗೆ ಕೊಡಬೇಕಾದ ಲೆಕ್ಕವಾಗುತ್ತಿರಲಿಲ್ಲ. ಮಾತು ಬಿಡ ಮಂಜುನಾಥ ಎಂಬ ನಂಬಿಕೆಯೇ ಆ ಕ್ಷೇತ್ರದ ಹೆಚ್ಚಳ. ಮಾತು ಬಿಡಬಾರದ ಹೊಣೆ ಮನುಷ್ಯರದು.

ಹಾಗೆಂದು ನಂಬಿಕೆಯ ಶಕ್ತಿಯನ್ನು ಕಡೆಗಣಿಸುವಂತಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶನ ಕಾರಣಿಕ ನಡೆಯುತ್ತದೆ. ಕರಿಯ ಕಂಬಳಿಯ ನಿಲುವಂಗಿ, ಹಣೆ ತುಂಬ ಭಂಡಾರ. ಉಪವಾಸ ವ್ರತದಲ್ಲಿರುವ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಸುತ್ತ ಕಿಕ್ಕಿರಿದ ಜನ. ಮೇಲಿಂದ ಅವನು ಸದ್ದಲೇ ಎಂದು ಕೂಗುತ್ತಿದ್ದಂತೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ವಾಕ್ಯದ ಕಾರಣಿಕ ನುಡಿದು ಅವನು ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಮಳೆಬೆಳೆ ಹೇಗೆ, ರಾಜಕೀಯದಲ್ಲಿ ಏನಾದೀತು ಎಂದು ಮುಂದಿನ ಹಲವು ದಿನ ಹೋಟೆಲು, ಸಂತೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಆ ಒಂದು ವಾಕ್ಯದ ಅರ್ಥ ಬಿಡಿಸುತ್ತಾರೆ. ಭಂಡಾರ ಮುಟ್ಟಿ ಹೇಳು ಎಂದರೆ ಈ ಸೀಮೆಯಲ್ಲಿ ಎಂಥವರಿಗೂ ನಾಲಿಗೆ ತಡವರಿಸುತ್ತದೆ. ಅಂಬೇಡ್ಕರ್ ಹೇಳಿದ ಅಂಕುಶ ಇದೇ. ಅದು ಪೊಳ್ಳಲ್ಲ. ಆದರೆ ಅದೇ ಭಂಡಾರವನ್ನು ಚುನಾವಣೆಯಲ್ಲಿ ದುಡ್ಡು ಹಂಚಿ, ಇಂಥವರಿಗೇ ಓಟು ಹಾಕುತ್ತೇವೆ ಎಂದು ಬಡವರಿಂದ ಆಣೆ ಮಾಡಿಸಲು ಬಳಸಿದರೆ, ಅದು ದೇವರಿಗೂ ಸಂವಿಧಾನಕ್ಕೂ ಒಟ್ಟಿಗೆ ಮಾಡುವ ಅಪಚಾರ. ಅಂಥ ಆಣೆಗೆ ಯಾರೂ ಬದ್ಧರಲ್ಲ. ಈ ಮಾತನ್ನು ಮಠಾಧೀಶರು, ಪೂಜಾರಿಗಳು, ಗುರುಹಿರಿಯರು ಬಾಯಿಬಿಟ್ಟು ಹೇಳಬೇಕು.

ಹುಸಿಭಕ್ತಿಯನ್ನು ಮುಖಕ್ಕೆ ಹೊಡೆದಂತೆ ಬೈದ ಅಂಬಿಗರ ಚೌಡಯ್ಯನ ನೆನಪಿನ ಚೌಡಯ್ಯದಾನಪುರ ಇದೇ ತುಂಗಭದ್ರೆಯ ದಂಡೆಯಲ್ಲಿದೆ, ಕುಮಾರಪಟ್ಟಣದಿಂದ ಹೊಳೆಯ ಹರಿವಿನ ಗುಂಟ ಕೆಳಕ್ಕೆ. ಇತ್ತ ಕುಮಾರಪಟ್ಟಣದಿಂದ ಹೊಳೆ ದಾಟಿದರೆ ಹರಿಹರ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರ, ಅರ್ಧ ಹರಿ. ಯಾವ ಹೆಸರಿನಿಂದ ಕರೆದರೂ ಮೂರ್ತಿ ಒಂದೇ ಎಂದು ಎಂಟುನೂರು ವರ್ಷದಿಂದ ನೋಡುತ್ತಾ ಬಂದ ಜನಕ್ಕೆ ಮೂರನೇ ಅನುಸೂಚಿಯ ಎರಡು ಸಾಲು ಅರ್ಥವಾಗದ್ದೇನಲ್ಲ.

ಪ್ರಮಾಣವಚನವೇ ಇಲ್ಲದೆ ಮಾತು ಉಳಿಸಿಕೊಂಡವರ ಕಥೆಯೂ ಕುಮಾರಪಟ್ಟಣದ ಸುತ್ತಲೇ ಇದೆ. ಇಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಎಪ್ಪತ್ತರ ದಶಕದಿಂದ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಅದರ ತ್ಯಾಜ್ಯದಿಂದ ಹೊಳೆ ಕೆಟ್ಟಿತು, ಮೀನು ಸತ್ತವು ಎಂದು ಕೆಳದಂಡೆಯ ಹಳ್ಳಿಗಳು ಎಂಬತ್ತರ ದಶಕದಲ್ಲಿ ಬೀದಿಗಿಳಿದವು. ಆ ಹೋರಾಟದ ಮುಂದಾಳು ಎಸ್.ಆರ್. ಹಿರೇಮಠ. ಅಮೆರಿಕದಲ್ಲಿ ಓದಿ, ಶಿಕಾಗೊದಲ್ಲಿ ಕೆಲಸದಲ್ಲಿದ್ದ ಅವರು 1979ರಲ್ಲಿ ಎಲ್ಲ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಬಂದರು, 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಕಟ್ಟಿದರು. ಅದೇ ವರ್ಷ ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಮಾಡಿ, ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಭೂಮಿ ಕೊಡಲು ಹೊರಟಿದ್ದವು. ಅದು ಹಳ್ಳಿಗಳ ದನ ಮೇಯುವ, ಸೌದೆ ಆಯುವ ಜಾಗ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ದೇವರ ವಿಷಯದಲ್ಲಿ ಯಾವ ಗೊಂದಲವನ್ನೂ ಇಟ್ಟುಕೊಳ್ಳದ ವಿಚಾರವಾದಿ ಅವರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಯವರು ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಇವರಲ್ಲಿ ಯಾರೂ ರಾಜ್ಯಪಾಲರ ಮುಂದೆ ನಿಂತು ಪ್ರಮಾಣ ಮಾಡಿದವರಲ್ಲ. ಕೆಳದಂಡೆಯವರಿಗೆ ತಾವು ಋಣಿಗಳು ಎಂದು ತಿಳಿದವರು.

ಇನ್ನೂ ಹಿಂದೆ ಹೋದರೆ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪ ಆ ಊರಿನ ಹುಡುಗ, ಹತ್ತೊಂಬತ್ತೂ ತುಂಬದ ವಯಸ್ಸು. ಸಾಬರಮತಿಯ ವ್ರತಗಳನ್ನು ಅವರು ಊರಿಗೆ ತಂದು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸರ ಗುಂಡಿಗೆ ಇನ್ನಿಬ್ಬರು ಸಂಗಾತಿಗಳೊಂದಿಗೆ ಬಲಿಯಾದರು. ಅವರ ಪ್ರತಿಜ್ಞೆ ದೇವರ ಹೆಸರಿನದೂ ಹೌದು, ದೇಶದ ಹೆಸರಿನದೂ ಹೌದು. ಅಲ್ಲಿ ಸಾಕ್ಷಿಗೂ ಋಣಕ್ಕೂ ಜಗಳವಿರಲಿಲ್ಲ.

ಈ ಪರಂಪರೆಯ ಜಿಲ್ಲೆಯೇ 2019ರಲ್ಲಿ ಎರಡು ಉಪಚುನಾವಣೆ ನೋಡಿತು, ಒಂದು ರಾಣೇಬೆನ್ನೂರಿನಲ್ಲಿ, ಇನ್ನೊಂದು ಹಿರೇಕೆರೂರಿನಲ್ಲಿ. 2018ರಲ್ಲಿ ಗೆದ್ದು ಪ್ರಮಾಣ ಸ್ವೀಕರಿಸಿದ್ದ ಇಬ್ಬರೂ ಶಾಸಕರು, ಆರ್. ಶಂಕರ್ ಮತ್ತು ಬಿ.ಸಿ. ಪಾಟೀಲ್, ಪಕ್ಷಾಂತರ ತಡೆ ಕಾನೂನಿನಡಿ ಅನರ್ಹಗೊಂಡ ಹದಿನೇಳು ಮಂದಿಯಲ್ಲಿ ಸೇರಿದ್ದರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಹಿರೇಕೆರೂರಿನ ಮತದಾರರು ಪಾಟೀಲರನ್ನೇ ಮತ್ತೆ ಆರಿಸಿದರು, ರಾಣೇಬೆನ್ನೂರು ಬೇರೆ ಹೆಸರನ್ನು ಆರಿಸಿತು. ಪಕ್ಷ ಬಿಡುವುದು ಪ್ರಮಾಣ ಮುರಿದಂತೆ ಆಗುತ್ತದೆಯೇ? ಮೂರನೇ ಅನುಸೂಚಿಯಲ್ಲಿ ಪಕ್ಷದ ಮಾತಿಲ್ಲ. ಅಂತಃಸಾಕ್ಷಿಗಾಗಿ ಪಕ್ಷ ಬಿಟ್ಟವರನ್ನು ಚರಿತ್ರೆ ಗೌರವಿಸಿದೆ ಕೂಡ. ಆದರೆ ವಹಿಸಿಕೊಂಡ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸುತ್ತೇನೆ ಎಂಬ ವಾಕ್ಯ ಅದರಲ್ಲಿದೆ. ಕ್ಷೇತ್ರದ ಜನಕ್ಕೆ ಮುಂಚೆ ತಿಳಿಸದೆ, ಅವರ ಒಪ್ಪಿಗೆ ಕೇಳದೆ, ದೂರದ ಹೋಟೆಲೊಂದರಲ್ಲಿ ಕುಳಿತು ಸೀಟು ಖಾಲಿ ಮಾಡುವುದು ಆ ವಾಕ್ಯದೊಳಗೆ ಹಿಡಿಸುವುದಿಲ್ಲ. ಅಮೆರಿಕದವರು ತಮ್ಮ ಅಂತರ್ಯುದ್ಧದ ಕಾಲದಲ್ಲಿ ಪ್ರಮಾಣಕ್ಕೆ ಒಂದು ಮಾತು ಸೇರಿಸಿದರು: ಮನಸ್ಸಿನಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳದೆ, ನುಣುಚಿಕೊಳ್ಳುವ ಉದ್ದೇಶವಿಲ್ಲದೆ ಈ ಹೊಣೆ ಹೊರುತ್ತೇನೆ ಎಂಬ ಅರ್ಥದ್ದು. ದ್ರೋಹವನ್ನು ಕಣ್ಣಾರೆ ಕಂಡ ಮೇಲೆ ಬಂದ ಎಚ್ಚರ ಅದು. ನಮ್ಮ ನಮೂನೆಗೆ ಅದನ್ನು ಸೇರಿಸುವುದು ಚರ್ಚೆಗೆ ಯೋಗ್ಯ.

ಧರ್ಮ ಮತ್ತು ರಾಜ್ಯದ ಸಂಬಂಧಕ್ಕೆ ಈ ದೇಶದಲ್ಲಿ ಆಧಾರವಾಗಿ ಎತ್ತಿ ಹೇಳುವ ತೀರ್ಪಿಗೂ ಹಾವೇರಿ ಜಿಲ್ಲೆಯ ಹೆಸರೇ ಅಂಟಿದೆ. ಈ ಜಿಲ್ಲೆಯ ಕಾರಡಗಿಯ ಎಸ್.ಆರ್. ಬೊಮ್ಮಾಯಿ ಎಂ.ಎನ್. ರಾಯ್ ವಿಚಾರಧಾರೆಯ ಮಾನವತಾವಾದಿ. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದಾಗ ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಧರ್ಮನಿರಪೇಕ್ಷತೆ ಸಂವಿಧಾನದ ಮೂಲರಚನೆಯ ಭಾಗ ಎಂಬುದು ಅದರಲ್ಲಿ ಸ್ಪಷ್ಟವಾಯಿತು. ದೇವರನ್ನು ಹೊರಗಟ್ಟುವ ತೀರ್ಪು ಅದಲ್ಲ. ಅಧಿಕಾರದ ಕುರ್ಚಿಯಲ್ಲಿ ಕುಳಿತವರು ತಮ್ಮ ದೇವರನ್ನು ಒಲ್ಲದವರಿಗೂ ಅಷ್ಟೇ ನ್ಯಾಯ ಕೊಡಬೇಕು ಎಂಬ ಕಟ್ಟುಪಾಡು.

ಗೀತೆಯನ್ನು ಕನ್ನಡದಲ್ಲಿ ಜೀವನಧರ್ಮಯೋಗ ಎಂದು ಬಿಡಿಸಿ ಹೇಳಿದವರು ಡಿ.ವಿ. ಗುಂಡಪ್ಪ. ಆ ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಿವಿಜಿ ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದವರು, ಸಾರ್ವಜನಿಕ ಜೀವನ ಹೇಗಿರಬೇಕು ಎಂದು ಬದುಕಿಡೀ ಬರೆದವರು. ಅವರ ಕಣ್ಣಿನಲ್ಲಿ ಗೀತೆ ಸಂಸಾರದ ನಡುವೆ, ಸಂತೆಯ ನಡುವೆ, ಸಭೆಯ ನಡುವೆ ಕೆಲಸ ಮಾಡುವವರ ಗ್ರಂಥ. ಫಲದ ಆಸೆಯನ್ನು ಹಿಂದಕ್ಕೆ ಸರಿಸಿ ಕರ್ತವ್ಯ ಮಾಡು ಎಂಬ ಬೋಧೆ ಶಾಸಕರ ಮಟ್ಟಿಗೆ ಬಲು ನೇರವಾದದ್ದು: ಮಂತ್ರಿಗಿರಿ ಸಿಗಲಿ ಬಿಡಲಿ, ಮುಂದಿನ ಟಿಕೆಟ್ ಬರಲಿ ಬಾರದಿರಲಿ, ಇವತ್ತಿನ ಕೆಲಸ ಇವತ್ತು. ಆ ಪುಸ್ತಕದ ಮೇಲೆ ಕೈಯಿಟ್ಟವರನ್ನು ಅದರ ಒಳಗಿನ ಮಾತಿನಿಂದಲೇ ಅಳೆಯುವ ಹಕ್ಕು ಮತದಾರರಿಗೆ ಬರುತ್ತದೆ. ಗೀತೆ ಸುಹಾಸ್ ಸುಬ್ರಮಣ್ಯಂ ಅವರ ಪ್ರಮಾಣಕ್ಕೆ ಸೇರಿಸಿದ್ದು ಇದನ್ನೇ, ಇನ್ನೊಂದು ಅಳತೆಗೋಲನ್ನು. ಲೌಡನ್ ಕೌಂಟಿಯ ಕ್ರೈಸ್ತರೂ ಮುಸ್ಲಿಮರೂ ನಾಸ್ತಿಕರೂ ಅದೇ ಗೋಲಿನಿಂದ ಅವರನ್ನು ಅಳೆಯಬಹುದು, ಮತ್ತು ಎರಡು ವರ್ಷಕ್ಕೊಮ್ಮೆ ಅಳೆಯಲೇಬೇಕು.

ಇಲ್ಲಿ ನಮಗೆ ಸಿಗುವುದು ಐದು ವರ್ಷಕ್ಕೊಮ್ಮೆ. ನಡುವಿನ ದಿನಗಳಲ್ಲಿ ಮಾಡಬಹುದಾದ ಒಂದು ಕೆಲಸ ಇದೆ. ಮೂರನೇ ಅನುಸೂಚಿ ಸಂವಿಧಾನದ ಕನ್ನಡ ಪ್ರತಿಯಲ್ಲಿ ಕೆಲವೇ ಪುಟ, ಓದಲು ಹತ್ತು ನಿಮಿಷ ಬೇಕಾಗದು. ಕುಮಾರಪಟ್ಟಣದ ಶಾಲೆಯ ಮಕ್ಕಳಿಗೆ, ರಾಣೇಬೆನ್ನೂರಿನ ಕಾಲೇಜು ಹುಡುಗರಿಗೆ, ಬ್ಯಾಡಗಿಯ ರೈತ ಸಂಘದವರಿಗೆ ಅದನ್ನು ಓದಿ ಹೇಳಿ. ಮುಂದಿನ ಸಲ ಶಾಸಕರೋ ಮಂತ್ರಿಗಳೋ ಊರಿಗೆ ಬಂದಾಗ ಯಾರ ಹೆಸರಿನಲ್ಲಿ ಪ್ರಮಾಣ ಮಾಡಿದಿರಿ ಎಂದು ಕೇಳಬೇಡಿ. ಪ್ರಮಾಣದ ಪೂರ್ತಿ ವಾಕ್ಯವನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ಯಾವ ಮಾತನ್ನು ನಮ್ಮ ಊರಿಗೆ ನಡೆಸಿಕೊಟ್ಟಿದ್ದೀರಿ ಎಂದು ಕೇಳಿ.